ಪಿಎಂಒ ಎಂಬ ನೀರಗಂಟಿ

ಅಜೈಲ್ ಎಂಬ ಚುರುಕು ಪದ್ಧತಿಯ ತಂಡಗಳು ಎರಡು ವಾರಕ್ಕೊಮ್ಮೆ ಕೆಲಸ ಮುಗಿಸಿ ತೋರಿಸುತ್ತವೆ. ಅದೇ ತಂಡ ಮೇಲಿನವರಿಗೆ ಕೇಳಿದ ಪ್ರಶ್ನೆಗೆ ಉತ್ತರ ಬರುವುದಕ್ಕೆ ಆರು ವಾರ ಹಿಡಿಯುತ್ತದೆ. ಈ ಎರಡರ ನಡುವೆ ಕೂತಿರುವ ಕಚೇರಿ ಸಂಸ್ಥೆಗೆ ಅಡ್ಡಗಾಲೂ ಆಗಬಹುದು, ಊರುಗೋಲೂ ಆಗಬಹುದು.

ಭಾನುವಾರ ರಾತ್ರಿ ಒಂಬತ್ತೂವರೆ. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಫೋನು. ಆ ಕಡೆ ನಮ್ಮ ಕಂಪನಿಯ ಒಂದು ತಂಡದ ಲೀಡ್.

"ಸರ್, ನಾಳೆ ಶೀಟ್‌ನಲ್ಲಿ ನಮ್ಮ ಪ್ರಾಜೆಕ್ಟಿಗೆ ಯಾವ ಬಣ್ಣ ಹಾಕ್ಲಿ?"

"ಏನಿದೆಯೋ ಅದನ್ನೇ ಹಾಕಿ."

"ಇರೋದು ಹಳದಿ ಸರ್. ಹಳದಿ ಹಾಕಿದ್ರೆ ನಾಳೆ ಮೀಟಿಂಗ್‌ನಲ್ಲಿ ಒಂದು ಗಂಟೆ ನಿಂತು ವಿವರಣೆ ಕೊಡ್ಬೇಕು. ಅದಕ್ಕೆ ಹದಿನೈದು ಸ್ಲೈಡು ಬೇರೆ. ಹಸಿರಾದ್ರೆ ಎರಡೇ ನಿಮಿಷ."

ನಾನಾಗ ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಸಾಫ್ಟ್‌ವೇರ್ ಕಂಪನಿಯ ಪಿಎಂಒದಲ್ಲಿದ್ದೆ. ಪಿಎಂಒ ಅಂದರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಆಫೀಸ್. ಯಾವ ಪ್ರಾಜೆಕ್ಟು ಎಲ್ಲಿಗೆ ಬಂತು, ಎಷ್ಟು ಖರ್ಚಾಯಿತು, ಯಾವುದು ತಡವಾಯಿತು ಎಂದು ಲೆಕ್ಕ ಇಟ್ಟು ಮೇಲಿನವರಿಗೆ ಒಪ್ಪಿಸುವ ವಿಭಾಗ. ನಾನು ಒಂದು ಕ್ಷಣ ಯೋಚಿಸಿ, "ಸದ್ಯಕ್ಕೆ ಹಸಿರೇ ಇರಲಿ ಬಿಡಿ" ಎಂದೆ.

ನಮ್ಮ ವೃತ್ತಿಯಲ್ಲಿ ಇಂಥ ಪ್ರಾಜೆಕ್ಟಿಗೆ ಕಲ್ಲಂಗಡಿ ಎಂದು ಹೆಸರು. ಹೊರಗೆಲ್ಲ ಹಸಿರು, ಕೊಯ್ದರೆ ಕೆಂಪು. ಆ ಕಲ್ಲಂಗಡಿ ಒಡೆದದ್ದು ಐದು ವಾರದ ನಂತರ, ಗ್ರಾಹಕರ ಮುಂದೆ. ಆಗ ಗೊತ್ತಾದ ಸಂಗತಿ ಇದು: ತಂಡದ ಕೆಲಸ ಎಂದೋ ಮುಗಿದಿತ್ತು. ಇನ್ನೊಂದು ವಿಭಾಗದವರು ಕೊಡಬೇಕಾದ ಒಂದು ಅನುಮತಿಗಾಗಿ ಅವರು ಕಾಯುತ್ತಿದ್ದರು. ನನ್ನ ಶೀಟಿನಲ್ಲಿ 42 ಕಾಲಂಗಳಿದ್ದವು. ಎಷ್ಟು ಕೆಲಸ ಆಯಿತು, ಎಷ್ಟು ಹಣ ಹೋಯಿತು, ಎಷ್ಟು ಜನ ದುಡಿದರು ಎಂದು ಅವೆಲ್ಲ ಕೇಳುತ್ತಿದ್ದವು. "ನೀವು ಯಾರಿಗಾಗಿ ಕಾಯುತ್ತಿದ್ದೀರಿ?" ಎಂದು ಕೇಳುವ ಕಾಲಂ ಒಂದೂ ಇರಲಿಲ್ಲ.

ಸಂಸ್ಥೆಯ ಚುರುಕುತನದ ಬಗ್ಗೆ ಇಂದು ಎಲ್ಲ ಕಂಪನಿಗಳೂ ಮಾತಾಡುತ್ತವೆ. ಹೆಚ್ಚಿನವು ಅದನ್ನು ಕೆಲಸಗಾರರ ವೇಗವೆಂದೇ ತಿಳಿದಿವೆ. ನಾನು ಕಂಡಮಟ್ಟಿಗೆ ದೊಡ್ಡ ಸಂಸ್ಥೆಗಳಲ್ಲಿ ಕೆಲಸ ನಿಧಾನವಾಗುವುದು ಕಡಿಮೆ, ನಿರ್ಧಾರ ನಿಧಾನವಾಗುವುದೇ ಹೆಚ್ಚು. ಎಲ್ಲ ನಿರ್ಧಾರಗಳೂ ಸಾಲುಗಟ್ಟಿ ಕಾಯುವ ಮೊಗಸಾಲೆ ಎಂದರೆ ಪಿಎಂಒ. ಹಾಗಾಗಿ ಚುರುಕುತನ ಬೇಕೆಂದವರು ಆ ಕಚೇರಿಯನ್ನು ಮುಚ್ಚುವ ಮುಂಚೆ ಅದಕ್ಕೆ ಬೇರೆ ಕೆಲಸ ಕೊಟ್ಟು ನೋಡಬೇಕು.

ಗುರಾಣಿಯಾಗಿ ಹುಟ್ಟಿದ್ದು

ಪಿಎಂಒದ ಹಿರಿಯಜ್ಜನನ್ನು ಹುಡುಕುತ್ತ ಹೋದರೆ ಅಮೆರಿಕದ ನೌಕಾಪಡೆ ಸಿಗುತ್ತದೆ. 1955ರಲ್ಲಿ ಅಲ್ಲಿ ಸ್ಪೆಷಲ್ ಪ್ರಾಜೆಕ್ಟ್ಸ್ ಆಫೀಸ್ ಎಂಬ ಕಚೇರಿ ಶುರುವಾಯಿತು. ನೀರಿನಡಿಯ ಜಲಾಂತರ್ಗಾಮಿಯಿಂದ ಹಾರುವ ಪೊಲಾರಿಸ್ ಕ್ಷಿಪಣಿಯನ್ನು ಸಿದ್ಧಪಡಿಸುವುದು ಅದರ ಹೊಣೆ. ಮುಖ್ಯಸ್ಥ ರೇರ್ ಅಡ್ಮಿರಲ್ ವಿಲಿಯಂ ರಾಬೊರ್ನ್. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಗಡುವು ಇನ್ನೂ ಹತ್ತಿರ ಬಂತು. 1958ರಲ್ಲಿ ಈ ಕಚೇರಿ ಸಲಹಾ ಸಂಸ್ಥೆಯಾದ ಬೂಜ್ ಅಲೆನ್ ಹ್ಯಾಮಿಲ್ಟನ್ ಮತ್ತು ಲಾಕ್‌ಹೀಡ್ ಜೊತೆ ಸೇರಿ 'ಪರ್ಟ್' ಎಂಬ ಯೋಜನಾ ವಿಧಾನ ರೂಪಿಸಿತು. ಯಾವ ಕೆಲಸ ಯಾವುದರ ಮೇಲೆ ನಿಂತಿದೆ, ಯಾವುದು ತಡವಾದರೆ ಎಲ್ಲವೂ ತಡ ಎಂದು ಬಲೆಯಂತೆ ಹೆಣೆದು ತೋರಿಸುವ ನಕ್ಷೆ ಅದು. 1960ರ ಜುಲೈ 20ರಂದು ಜಾರ್ಜ್ ವಾಷಿಂಗ್ಟನ್ ಎಂಬ ಜಲಾಂತರ್ಗಾಮಿ ನೀರಿನಡಿಯಿಂದಲೇ ಪೊಲಾರಿಸ್ ಹಾರಿಸಿತು.

ಪರ್ಟ್‌ನ ಕೀರ್ತಿ ಲೋಕವೆಲ್ಲ ಹಬ್ಬಿತು. ಆದರೆ 1972ರಲ್ಲಿ ಹಾರ್ವಿ ಸಪೋಲ್ಸ್ಕಿ ಎಂಬ ವಿದ್ವಾಂಸರು ಪೊಲಾರಿಸ್ ಕುರಿತ ತಮ್ಮ ಪುಸ್ತಕದಲ್ಲಿ ಬೇರೆಯದೇ ಕಥೆ ಹೇಳಿದರು. ಎಂಜಿನಿಯರುಗಳು ಆ ನಕ್ಷೆಗಳನ್ನು ನೆಚ್ಚಿಕೊಂಡು ಕೆಲಸ ಮಾಡಿದ್ದು ಅಷ್ಟಕ್ಕಷ್ಟೇ. ಅವುಗಳ ದೊಡ್ಡ ಉಪಯೋಗ ಆದದ್ದು ಹೊರಗಿನವರ ಮುಂದೆ. ಬಣ್ಣಬಣ್ಣದ ನಕ್ಷೆ, ಕಂಪ್ಯೂಟರ್ ಪಟ್ಟಿ ನೋಡಿದ ಅಧಿಕಾರಿಗಳು, ರಾಜಕಾರಣಿಗಳು "ಇಲ್ಲಿ ಎಲ್ಲ ಹಿಡಿತದಲ್ಲಿದೆ" ಎಂದುಕೊಂಡು ದೂರ ಉಳಿದರು. ಒಳಗಿನವರಿಗೆ ನಿರಾಳವಾಗಿ ಕೆಲಸ ಮಾಡಲು ಜಾಗ ಸಿಕ್ಕಿತು.

ಇದನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಮೂಲದಲ್ಲಿ ಈ ಕಚೇರಿ ತಂಡಕ್ಕೆ ಗುರಾಣಿಯಾಗಿ ನಿಂತಿತ್ತು. ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಗುರಾಣಿಯನ್ನು ತಿರುಗಿಸಿ ಹಿಡಿದಿದ್ದೆವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ತಂಡಗಳು ನಮ್ಮ ಬೆನ್ನ ಹಿಂದೆ ಹೇಳುತ್ತಿದ್ದವು.

ಹದಿನೇಳು ಮಂದಿಯ ಬಂಡಾಯ

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ಊರಿನಲ್ಲಿ 17 ಮಂದಿ ಸಾಫ್ಟ್‌ವೇರ್ ತಜ್ಞರು ಸೇರಿ ಅಜೈಲ್ ಪ್ರಣಾಳಿಕೆ ಬರೆದರು. 4 ಮೌಲ್ಯ, 12 ತತ್ವ. ದಪ್ಪ ದಸ್ತಾವೇಜಿಗಿಂತ ಓಡುವ ಸಾಫ್ಟ್‌ವೇರ್ ದೊಡ್ಡದು, ಹಾಕಿಕೊಂಡ ಯೋಜನೆಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಓಗೊಡುವುದು ದೊಡ್ಡದು ಎಂಬುದು ಅದರ ಸಾರ. ಆ ಒಂದು ಪುಟದಲ್ಲಿ ಪಿಎಂಒಗೆ ಜಾಗವಿರಲಿಲ್ಲ. ತಂಡವೇ ತನ್ನ ಕೆಲಸವನ್ನು ನೋಡಿಕೊಳ್ಳುವಾಗ ಲೆಕ್ಕ ಬರೆಯುವವರು ಯಾಕೆ?

ಒಂದು ತಂಡವಿದ್ದರೆ ಆ ಪ್ರಶ್ನೆ ಸರಿ. ಇನ್ನೂರು ತಂಡಗಳಿದ್ದಾಗ? ಒಂದು ಬ್ಯಾಂಕಿನ ಮೊಬೈಲ್ ಆ್ಯಪ್‌ನಲ್ಲಿ ಹೊಸ ಸಾಲದ ಸೌಲಭ್ಯ ಬರಬೇಕೆಂದರೆ ಆ್ಯಪ್ ತಂಡ, ಸಾಲದ ತಂಡ, ಕೆವೈಸಿ ತಂಡ, ಭದ್ರತೆಯವರು, ಕಾನೂನಿನವರು ಎಲ್ಲರೂ ಒಂದೇ ಹೊತ್ತಿಗೆ ಕೈಜೋಡಿಸಬೇಕು. ಪ್ರತಿ ತಂಡವೂ ತನ್ನಷ್ಟಕ್ಕೆ ಚುರುಕಾಗಿರುತ್ತದೆ, ಒಟ್ಟು ಸಂಸ್ಥೆ ಮಾತ್ರ ಮಂದಗತಿಯಲ್ಲಿರುತ್ತದೆ. ತಂಡಗಳ ನಡುವಿನ ಈ ಖಾಲಿ ಜಾಗವನ್ನು ಯಾರಾದರೂ ನೋಡಿಕೊಳ್ಳಲೇಬೇಕು.

ಎಫ್‌ಬಿಐ ಕಲಿತದ್ದು

ನೋಡಿಕೊಳ್ಳುವ ರೀತಿ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಸರ್ಕಾರಿ ಕಡತಗಳಲ್ಲೇ ದಾಖಲಾದ ಒಂದು ದೊಡ್ಡ ಉದಾಹರಣೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐದು. ತನಿಖಾ ಕಡತಗಳನ್ನು ಕಾಗದದಿಂದ ಕಂಪ್ಯೂಟರಿಗೆ ತರುವ ಅದರ ಮೊದಲ ಪ್ರಯತ್ನ, ವರ್ಚುವಲ್ ಕೇಸ್ ಫೈಲ್, 17 ಕೋಟಿ ಡಾಲರ್ ನುಂಗಿತು, 2005ರಲ್ಲಿ ಅದನ್ನು ಕೈಬಿಡಬೇಕಾಯಿತು. 2006ರಲ್ಲಿ 'ಸೆಂಟಿನೆಲ್' ಎಂಬ ಎರಡನೆಯ ಪ್ರಯತ್ನ. ಈ ಬಾರಿ ಕಟ್ಟುನಿಟ್ಟಿನ ಆಡಳಿತ, 42.5 ಕೋಟಿ ಡಾಲರ್ ಅಂದಾಜು, ನಾಲ್ಕು ಹಂತ, 2009ರ ಡಿಸೆಂಬರಿಗೆ ಮುಕ್ತಾಯ ಎಂಬ ಯೋಜನೆ. 2010 ಬಂದಾಗ ಹಣ ಬಹುಪಾಲು ಮುಗಿದಿತ್ತು, ಕೆಲಸ ಅರ್ಧವೂ ಸರಿಯಾಗಿ ಆಗಿರಲಿಲ್ಲ.

ಆಗ ಎಫ್‌ಬಿಐ ಕೆಲಸವನ್ನು ತಡೆದು, ಹೊಣೆಯನ್ನು ತಾನೇ ಕೈಗೆತ್ತಿಕೊಂಡಿತು. ಗುತ್ತಿಗೆ ಕಂಪನಿಯ ಸುಮಾರು 220 ಮಂದಿಯನ್ನು 40ಕ್ಕೆ, ತನ್ನ ಸಿಬ್ಬಂದಿಯನ್ನು 30ರಿಂದ 12ಕ್ಕೆ ಇಳಿಸುವ ಯೋಜನೆ ಹಾಕಿತು. ಬೇಕಾದದ್ದನ್ನೆಲ್ಲ ಸುಮಾರು 670 ಸಣ್ಣ ಬೇಡಿಕೆಗಳಾಗಿ ಒಡೆದು, ಎರಡು ವಾರದ ಸ್ಪ್ರಿಂಟ್‌ಗಳಲ್ಲಿ ಒಂದೊಂದಾಗಿ ಕಟ್ಟುತ್ತ ಹೋಯಿತು.

ಇಲ್ಲಿ ನನ್ನ ಗಮನ ಸೆಳೆಯುವುದು ಒಂದು ಸಣ್ಣ ಘಟನೆ. 2011ರ ಅಕ್ಟೋಬರಿನಲ್ಲಿ ನಿಜವಾದ ಬಳಕೆದಾರರನ್ನು ಕೂರಿಸಿ ಪರೀಕ್ಷೆ ಮಾಡಿದಾಗ ವ್ಯವಸ್ಥೆ ಎರಡು ಬಾರಿ ನಿಂತುಹೋಯಿತು. ಹಳೆಯ ಯಂತ್ರಗಳಿಗೆ ಅಷ್ಟು ಭಾರ ಹೊರುವ ಶಕ್ತಿ ಇರಲಿಲ್ಲ. ಹಳೆಯ ಪದ್ಧತಿಯಲ್ಲಾಗಿದ್ದರೆ ಇದು ಹಸಿರು ಬಣ್ಣದಡಿ ಮುಚ್ಚಿಹೋಗಿ ಉದ್ಘಾಟನೆಯ ದಿನ ಹೊರಬೀಳುತ್ತಿತ್ತು. ಅವರು ದಿನಾಂಕ ಮುಂದಕ್ಕೆ ಹಾಕಿದರು, ಯಂತ್ರ ಬದಲಿಸಿದರು. 2012ರ ಜುಲೈ 1ರಂದು ಸೆಂಟಿನೆಲ್ ಎಲ್ಲ ಸಿಬ್ಬಂದಿಯ ಕೈಗೆ ಬಂತು. ಈ ಅವಧಿಯುದ್ದಕ್ಕೂ ಮೇಲ್ವಿಚಾರಣೆ ನಿಂತಿರಲಿಲ್ಲ. ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ವರದಿ ಬರೆಯುತ್ತಲೇ ಇತ್ತು. ಬದಲಾದದ್ದು ಸಾಕ್ಷಿಯ ಸ್ವರೂಪ. ಶೇಕಡ ಎಷ್ಟು ಮುಗಿದಿದೆ ಎಂಬ ಮಾತಿನ ಜಾಗಕ್ಕೆ, ಎರಡು ವಾರಕ್ಕೊಮ್ಮೆ ಪರದೆಯ ಮೇಲೆ ಓಡುವ ಸಾಫ್ಟ್‌ವೇರ್ ಬಂತು.

ದರ್ಶಿನಿಯ ಲೆಕ್ಕ

ನಿರ್ಧಾರಗಳು ಯಾಕೆ ತಡವಾಗುತ್ತವೆ ಎಂಬುದಕ್ಕೆ ಬೆಂಗಳೂರಿನ ಯಾವುದೇ ದರ್ಶಿನಿಯಲ್ಲಿ ಉತ್ತರ ಸಿಗುತ್ತದೆ. ಭಾನುವಾರ ಬೆಳಗ್ಗೆ ದೋಸೆ ಕೌಂಟರಿನ ಮುಂದೆ 40 ಜನ ಟೋಕನ್ ಹಿಡಿದು ನಿಂತಿದ್ದಾರೆ. ಕಾವಲಿಯಿಂದ ನಿಮಿಷಕ್ಕೆ 2 ದೋಸೆ ಏಳುತ್ತವೆ. ಕೊನೆಯವನು 20 ನಿಮಿಷ ಕಾಯಬೇಕು. ದೋಸೆ ಹುಯ್ಯುವವನನ್ನು ಎಷ್ಟು ಗದರಿದರೂ ಈ ಲೆಕ್ಕ ಬದಲಾಗದು. 1961ರಲ್ಲಿ ಜಾನ್ ಲಿಟಲ್ ಎಂಬ ಗಣಿತಜ್ಞ ಇದನ್ನೇ ಪ್ರಮೇಯವಾಗಿ ಸಾಧಿಸಿದರು. ಕೈಯಲ್ಲಿರುವ ಕೆಲಸವನ್ನು ಮುಗಿಯುವ ವೇಗದಿಂದ ಭಾಗಿಸಿದರೆ ಕಾಯುವ ಕಾಲ.

ಈಗ ಇದೇ ಲೆಕ್ಕವನ್ನು ಕಂಪನಿಗೆ ಹಾಕಿ. 40 ಪ್ರಾಜೆಕ್ಟು ಒಟ್ಟಿಗೆ ಶುರುವಾಗಿವೆ, ತಿಂಗಳಿಗೆ 2 ಮುಗಿಯುತ್ತಿವೆ ಎಂದರೆ ಸರಾಸರಿ ಒಂದೊಂದಕ್ಕೂ 20 ತಿಂಗಳು. ಯಾರನ್ನೂ ಹೆಚ್ಚು ದುಡಿಸದೆ, ಯಾರನ್ನೂ ಹೊಸದಾಗಿ ಸೇರಿಸದೆ, ಇಪ್ಪತ್ತನ್ನು ಪಕ್ಕಕ್ಕಿಟ್ಟರೆ ಉಳಿದವು 10 ತಿಂಗಳಿಗೆ ಬರುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಜ್ಜಿಯರು ಹೇಳಿದ್ದು ಇದನ್ನೇ.

ಆದರೆ ಯಾವ ಇಪ್ಪತ್ತನ್ನು ನಿಲ್ಲಿಸುವುದು? ಪ್ರತಿ ಪ್ರಾಜೆಕ್ಟಿನ ಹಿಂದೆ ಒಬ್ಬ ವೈಸ್ ಪ್ರೆಸಿಡೆಂಟ್ ಇರುತ್ತಾರೆ, ಅವರಿಗೆ ಅದೇ ಕಂಪನಿಯ ಕಣ್ಣು. ಒಟ್ಟು ಪಟ್ಟಿಯನ್ನು ಒಂದೇ ಕಡೆ ನೋಡಬಲ್ಲ ಕಚೇರಿ ಪಿಎಂಒ ಮಾತ್ರ. ಎಲ್ಲವನ್ನೂ ಒಂದು ಹಾಳೆಯ ಮೇಲೆ ಹರಡಿ, "ಇವು ನಲವತ್ತು, ಇರುವ ಜನ ಇಷ್ಟು, ಈಗ ಆರಿಸಿ" ಎಂದು ಮೇಲಿನವರ ಮುಂದೆ ಇಡುವುದು ಅದರ ಕೈಯಲ್ಲಿ ಆಗುವ ಕೆಲಸ. ನಿಲ್ಲಿಸುವ ನಿರ್ಧಾರ ಆಡಳಿತದ್ದು. ಆ ನಿರ್ಧಾರದಿಂದ ಯಾರೂ ನುಣುಚಿಕೊಳ್ಳದಂತೆ ಮಾಡುವ ಹೊಣೆ ಪಿಎಂಒದ್ದು.

ಗೋಡೆಯೇ ವರದಿ

ಟೊಯೋಟಾದಲ್ಲಿ 1990ರ ದಶಕದಲ್ಲಿ ತಕೇಶಿ ಉಚಿಯಾಮಾಡ ಅವರಿಗೆ ಹೊಸ ಶತಮಾನದ ಕಾರು ರೂಪಿಸುವ ಹೊಣೆ ಬಂತು. ಅದಕ್ಕೂ ಮುಂಚೆ ಅವರು ಮುಖ್ಯ ಎಂಜಿನಿಯರ್ ಆಗಿ ಕೆಲಸ ಮಾಡಿದವರಲ್ಲ. ಎಲ್ಲ ವಿಭಾಗದ ತಜ್ಞರನ್ನೂ ಒಂದೇ ದೊಡ್ಡ ಕೋಣೆಗೆ ಕರೆದು, ಗೋಡೆಗಳ ಮೇಲೆ ನಕ್ಷೆ, ಸಮಸ್ಯೆ, ಗಡುವು ಎಲ್ಲವನ್ನೂ ಅಂಟಿಸಿಬಿಟ್ಟರು. ಜಪಾನಿ ಭಾಷೆಯಲ್ಲಿ ಅದಕ್ಕೆ 'ಒಬೆಯ' ಎನ್ನುತ್ತಾರೆ. ಹಾಗೆಂದರೆ ದೊಡ್ಡ ಕೋಣೆ, ಅಷ್ಟೇ. ಎಂಜಿನ್‌ನವರಿಗೂ ಬ್ಯಾಟರಿಯವರಿಗೂ ತಕರಾರು ಬಂದರೆ ಇಬ್ಬರೂ ಅದೇ ಗೋಡೆಯ ಮುಂದೆ ನಿಲ್ಲಬೇಕು. 1997ರ ಡಿಸೆಂಬರಿನಲ್ಲಿ ಆ ಕಾರು, ಪ್ರಿಯಸ್, ರಸ್ತೆಗಿಳಿಯಿತು. ಒಬೆಯ ಇಂದು ಹಲವು ಪಿಎಂಒಗಳ ಮುಖ್ಯ ಸಲಕರಣೆ. ಗೋಡೆ ಎಲ್ಲರಿಗೂ ಕಾಣುವಂತಿದ್ದರೆ ಮೇಲಿನವರಿಗೆಂದು ಬೇರೆ ವರದಿ ಬರೆಯಬೇಕಾಗಿಲ್ಲ.

ನೆದರ್ಲೆಂಡ್ಸಿನ ಐಎನ್‌ಜಿ ಬ್ಯಾಂಕು 2015ರಲ್ಲಿ ತನ್ನ ಪ್ರಧಾನ ಕಚೇರಿಯ ಸುಮಾರು 3,500 ಮಂದಿಯನ್ನು ಒಂಬತ್ತೊಂಬತ್ತು ಜನರ ಸುಮಾರು 350 ಸ್ಕ್ವಾಡ್‌ಗಳಾಗಿ, ಅವನ್ನು 13 ಟ್ರೈಬ್‌ಗಳಾಗಿ ಕಟ್ಟಿತು. ಇಷ್ಟೊಂದು ತಂಡಗಳು ದಿಕ್ಕಾಪಾಲಾಗದಂತೆ ಕಾದದ್ದು ಮೂರು ತಿಂಗಳಿಗೊಮ್ಮೆ ನಡೆಯುವ ಒಂದು ಕಟ್ಟಳೆ. ಪ್ರತಿ ಟ್ರೈಬ್ ಕಳೆದ ತ್ರೈಮಾಸಿಕದಲ್ಲಿ ಏನು ಸಾಧಿಸಿದೆ, ಎಲ್ಲಿ ಎಡವಿ ಏನು ಕಲಿತಿದೆ, ಮುಂದೇನು ಮಾಡುತ್ತದೆ, ಅದಕ್ಕೆ ಬೇರೆ ಯಾರ ನೆರವು ಬೇಕು ಎಂದು ಬರೆಯುತ್ತದೆ. ಅದನ್ನು ಉಳಿದ ಟ್ರೈಬ್‌ಗಳೂ ಓದುತ್ತವೆ. ವರ್ಷಕ್ಕೊಮ್ಮೆ ಕಲ್ಲಿನಲ್ಲಿ ಕೆತ್ತಿದಂಥ ಯೋಜನೆಗೂ ಇದಕ್ಕೂ ಇರುವ ವ್ಯತ್ಯಾಸ ಸರಳ. ಜನವರಿಯಲ್ಲಿ ಮಾಡಿದ ತಪ್ಪು ಏಪ್ರಿಲ್‌ನಲ್ಲಿ ತಿದ್ದುಪಡಿಯಾಗುತ್ತದೆ, ಮುಂದಿನ ಜನವರಿಯವರೆಗೆ ಕಾಯುವುದಿಲ್ಲ.

ಎಲ್ಲಿ ಬಿಗಿ, ಎಲ್ಲಿ ಸಡಿಲ

ಚುರುಕುತನ ಅಂದರೆ ಪರಿಶೀಲನೆಯೇ ಬೇಡ ಎಂದು ಕೆಲವರು ತಿಳಿಯುತ್ತಾರೆ. ಅವರು ನಮ್ಮೂರಿನದೇ ಒಂದು ಕಥೆ ಕೇಳಬೇಕು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಚಂದ್ರನ ನೆಲಕ್ಕೆ ಅಪ್ಪಳಿಸಿತು. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದವರು ಆ ಸೋಲನ್ನು ಬಿಚ್ಚಿ ನೋಡಿದರು. ಮುಂದಿನ ಬಾರಿ ವಿನ್ಯಾಸದ ಪ್ರಶ್ನೆಯನ್ನೇ ತಿರುಗಿಸಿದರು. ಎಲ್ಲ ಸರಿಹೋದರೆ ಹೇಗೆ ಇಳಿಯುವುದು ಎಂಬುದರ ಜಾಗದಲ್ಲಿ, ಯಾವುದು ಕೈಕೊಟ್ಟರೂ ಹೇಗೆ ಇಳಿಯುವುದು ಎಂದು ಕೇಳಿಕೊಂಡರು. 500 ಮೀಟರ್ ಚೌಕದಷ್ಟಿದ್ದ ಇಳಿದಾಣವನ್ನು 4 ಕಿ.ಮೀ. ಉದ್ದ, ಸುಮಾರು 2.5 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು. ಲ್ಯಾಂಡರಿನ ಭಾಗಗಳನ್ನು ಹೆಲಿಕಾಪ್ಟರಿಗೂ ಕ್ರೇನಿಗೂ ಕಟ್ಟಿ ಮತ್ತೆ ಮತ್ತೆ ಪರೀಕ್ಷಿಸಿದರು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಹೊಸ ವಿಕ್ರಮ್ ಮೆಲ್ಲಗೆ ಇಳಿಯಿತು.

ಇಸ್ರೋ ಸ್ಪ್ರಿಂಟ್ ನಡೆಸುವ ಸಂಸ್ಥೆಯಲ್ಲ. ಆದರೂ ಅದರ ಇಳಿದಾಣದ ಅಳತೆಯಲ್ಲಿ ಪಿಎಂಒಗಳಿಗೆ ಒಂದು ಪಾಠವಿದೆ. ಪರೀಕ್ಷೆಯಲ್ಲಿ ಕೂದಲೆಳೆಯಷ್ಟೂ ರಿಯಾಯಿತಿ ಕೊಡದೆ, ಗುರಿಯ ಸುತ್ತ ಧಾರಾಳ ಜಾಗ ಬಿಟ್ಟರು. ನಮ್ಮ ಕಂಪನಿಗಳಲ್ಲಿ ಇದು ಉಲ್ಟಾ. ಐದು ಸಾವಿರ ರೂಪಾಯಿಯ ಸಾಫ್ಟ್‌ವೇರ್ ಲೈಸನ್ಸಿಗೆ ನಾಲ್ಕು ಸಹಿ, ಗ್ರಾಹಕರ ದತ್ತಾಂಶ ಮುಟ್ಟುವ ಬದಲಾವಣೆಗೆ ಒಂದು ಇಮೇಲ್. ಜೀವ, ಹಣ, ಖಾಸಗಿತನ, ಕಾನೂನು ಇವುಗಳಿರುವ ಕಡೆ ಬಿಗಿ ಇರಲಿ. ಉಳಿದ ಕಡೆ ಇಷ್ಟು ಮೊತ್ತದೊಳಗೆ, ಇಷ್ಟು ಅಪಾಯದೊಳಗೆ ತಂಡವೇ ತೀರ್ಮಾನಿಸಲಿ ಎಂದು ಗೆರೆ ಎಳೆದುಕೊಡುವುದು ಪಿಎಂಒದ ಕೆಲಸ.

ತೂಬಿನ ಬಳಿ ನಿಂತವನು

ಕೋಲಾರದ ಕಡೆಯ ಕೆರೆಗಳ ಊರುಗಳಲ್ಲಿ ನೀರಗಂಟಿ ಎಂಬ ಕಾಯಕದವರಿದ್ದರು, ಕೆಲವೆಡೆ ಇಂದಿಗೂ ಇದ್ದಾರೆ. ಕೆರೆಯ ತೂಬು ತೆರೆಯುವವನು, ಮುಚ್ಚುವವನು ಅವನೇ. ಕೆರೆ ಅವನದಲ್ಲ, ಬೆಳೆಯೂ ಅವನದಲ್ಲ. ಅಚ್ಚುಕಟ್ಟಿನ ರೈತರು ಸುಗ್ಗಿಯಲ್ಲಿ ಅವನಿಗೆ ಕಾಳು ಅಳೆದುಕೊಡುತ್ತಿದ್ದರು. ಸನಿಕೆ ಹೆಗಲಿಗೇರಿಸಿ ಕಾಲುವೆಗುಂಟ ನಡೆಯುತ್ತ, ಎಲ್ಲಿ ಬದು ಒಡೆದಿದೆ, ಎಲ್ಲಿ ಹೂಳು ಕಟ್ಟಿದೆ, ಯಾರ ಗದ್ದೆ ಒಣಗುತ್ತಿದೆ ಎಂದು ಕಣ್ಣಾರೆ ನೋಡುತ್ತಿದ್ದ. ಕೆರೆ ತುಂಬಿದ ವರ್ಷ ಒಂದು ಸರದಿ, ಅರ್ಧಕ್ಕೆ ನಿಂತ ವರ್ಷ ಇನ್ನೊಂದು. ನೀರು ಕಡಿಮೆಯಿದ್ದಾಗ ಎಷ್ಟು ಗದ್ದೆ ನಾಟಿ ಎಂಬುದನ್ನು ಊರು ತೀರ್ಮಾನಿಸುತ್ತಿತ್ತು. ಆ ತೀರ್ಮಾನ ಕೊನೆಯ ಗದ್ದೆಯವರೆಗೂ ತಲಪುವಂತೆ ನೋಡುವವನು ನೀರಗಂಟಿ.

ಚುರುಕು ಸಂಸ್ಥೆಯ ಪಿಎಂಒಗೆ ಇದಕ್ಕಿಂತ ಒಳ್ಳೆಯ ಉದ್ಯೋಗ ವಿವರಣೆ ನನಗೆ ಗೊತ್ತಿಲ್ಲ. ಹಣ ಮತ್ತು ಜನ ಎಂಬ ನೀರು ಆಡಳಿತದ್ದು, ಬೆಳೆ ತಂಡಗಳದ್ದು. ನಡುವಿನ ಕಾಲುವೆ ಪಿಎಂಒದ್ದು. ನೀರಗಂಟಿ ರೈತನನ್ನು ಕರೆಸಿ "ನಿನ್ನ ಪೈರು ಎಷ್ಟು ಅಂಗುಲ ಬೆಳೆದಿದೆ, ಬರೆದುಕೊಡು" ಎನ್ನುತ್ತಿರಲಿಲ್ಲ. ತಾನೇ ಬದುವಿನ ಮೇಲೆ ನಡೆಯುತ್ತಿದ್ದ.

ನಾಳೆಯಿಂದಲೇ ಶುರು ಮಾಡಬಹುದಾದ ಐದು ಕೆಲಸ

1. ಕಾಯುವಿಕೆ ಅಳೆಯಿರಿ: ತಂಡ ಪ್ರಶ್ನೆ ಕೇಳಿದ ದಿನ, ಉತ್ತರ ಬಂದ ದಿನ ಎರಡನ್ನೂ ಬರೆದಿಡಿ. ನಡುವಿನ ದಿನಗಳೇ ಪಿಎಂಒದ ಅಂಕಪಟ್ಟಿ.

2. ಒಂದು ವರದಿ ನಿಲ್ಲಿಸಿ: ಒಂದು ತಿಂಗಳು ಯಾರೂ "ಅದು ಎಲ್ಲಿ?" ಎಂದು ಕೇಳದಿದ್ದರೆ ಅದು ಬೇಕಿರಲಿಲ್ಲ.

3. ಒಳಬರುವ ಬಾಗಿಲಿಗೆ ಮಿತಿ ಹಾಕಿ: ಒಂದು ಪ್ರಾಜೆಕ್ಟು ಮುಗಿಯದೆ ಇನ್ನೊಂದು ಶುರುವಾಗದಂತೆ ಆಡಳಿತದಿಂದ ಒಪ್ಪಿಗೆ ಪಡೆಯಿರಿ.

4. ಮೂರು ತಿಂಗಳಿಗೊಮ್ಮೆ ಪಟ್ಟಿಯನ್ನು ಹೊಸದಾಗಿ ಹರಡಿ: ಮುಂದುವರಿಸುವುದು, ಬದಲಿಸುವುದು, ನಿಲ್ಲಿಸುವುದು ಎಂಬ ಮೂರೇ ಆಯ್ಕೆ ಇರಲಿ. "ನೋಡೋಣ" ಎಂಬುದು ನಾಲ್ಕನೆಯದಾಗಿ ನುಸುಳದಿರಲಿ.

5. ಕೆಂಪಿಗೆ ಬಹುಮಾನ ಕೊಡಿ: ಮೊದಲು ಕೆಂಪು ತೋರಿಸಿದ ತಂಡಕ್ಕೆ ಆ ವಾರವೇ ನೆರವು ಸಿಗಲಿ. ಹೇಳಿದ್ದಕ್ಕೆ ಶಿಕ್ಷೆಯಾದರೆ ಎಲ್ಲರೂ ಕಲ್ಲಂಗಡಿಯನ್ನೇ ಬೆಳೆಯುತ್ತಾರೆ.

ನಲವತ್ತಮೂರನೆಯ ಕಾಲಂ

ಆ ಕಲ್ಲಂಗಡಿ ಒಡೆದ ಮೇಲೆ ನಾನು ಶೀಟಿಗೆ ಒಂದು ಕಾಲಂ ಸೇರಿಸಿದೆ. "ಯಾರಿಗಾಗಿ, ಎಷ್ಟು ದಿನದಿಂದ ಕಾಯುತ್ತಿದ್ದೀರಿ?" ಮೊದಲ ವಾರ ಯಾರೂ ತುಂಬಲಿಲ್ಲ. ಹೆಸರು ಬರೆದರೆ ಆ ವಿಭಾಗದವರ ಜೊತೆ ಜಗಳ ಎಂಬ ಭಯ. ಎರಡನೆಯ ವಾರ ನಾನೇ ತಂಡಗಳ ಮೇಜಿನ ಬಳಿ ಹೋಗಿ ಕೂತು, ಕೇಳಿ ಬರೆದುಕೊಂಡೆ. ಸೋಮವಾರದ ಮೀಟಿಂಗ್‌ನಲ್ಲಿ ಉಳಿದ ಕಾಲಂಗಳನ್ನು ಮುಚ್ಚಿ ಅದೊಂದನ್ನೇ ಪರದೆಯ ಮೇಲೆ ಹಾಕಿದೆ.

ಪಟ್ಟಿಯಲ್ಲಿ ಹನ್ನೊಂದು ಸಾಲುಗಳಿದ್ದವು. ಅದರಲ್ಲಿ ನಾಲ್ಕು ತಂಡಗಳು ಕಾಯುತ್ತಿದ್ದದ್ದು ಪಿಎಂಒಗಾಗಿ. ಒಂದಂತೂ ನನ್ನದೇ ಸಹಿಗಾಗಿ, ಹತ್ತೊಂಬತ್ತು ದಿನದಿಂದ.

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಬಾಗಿಲ ಹತ್ತಿರ ಕೂತಿದ್ದ, ಭಾನುವಾರ ರಾತ್ರಿ ಫೋನು ಮಾಡಿದ್ದ ಅದೇ ಲೀಡ್ ಮೆಲ್ಲಗೆ ಕೇಳಿದರು: "ಸರ್, ಈಗ ಈ ಶೀಟ್‌ನಲ್ಲಿ ನಿಮಗೆ ಯಾವ ಬಣ್ಣ ಹಾಕ್ಲಿ?"

ಎಲ್ಲರೂ ನಕ್ಕರು. ನಾನು ಆ ಫೈಲು ತೆರೆದು ಅಲ್ಲೇ ಒಪ್ಪಿಗೆ ಒತ್ತಿದೆ. ಹನ್ನೊಂದು ಸಾಲು ಹತ್ತಾಯಿತು.